ತರುಬಿಗೆ ಹೊರಟ ಕುರಿಗಳು

ಶಿಕಾರಿಪುರದ ಗೊಬ್ಬರದಂಗಡಿಗಳ ಮುಂದೆ ‘ಡಿಎಪಿ ಇಲ್ಲ’ ಎಂದು ಬರೆದಿದ್ದರು. ನಾನು ಮಣ್ಣಿನ ಮಾದರಿ ತರಲು ಜೀಪಿನಲ್ಲಿ ಸೊರಬದ ಕಡೆ ಹೊರಟಿದ್ದೆ. ಅಂಬ್ಲಿಗೊಳ ದಾಟಿದ ಮೇಲೆ ರಸ್ತೆ ತುಂಬ ಕುರಿ. ಹಾರ್ನ್ ಒತ್ತಿದೆ.

ಹಿಂಡಿನ ಮುಂದಿದ್ದ ರೈತರೊಬ್ಬರು ಓಡಿ ಬಂದರು. “ಹಾರ್ನ್ ಹೊಡೀಬ್ಯಾಡ್ರೀ! ಇವತ್ತು ರಾತ್ರಿ ಗೊಬ್ಬರಕ್ಕಂತ ನನ್ನ ಹೊಲದಾಗೆ ಕುರಿ ತರುಬಬೇಕು. ಬಿತ್ತನೆ ಹತ್ರ ಬಂತು. ಹೆದರಿ ಹಿಕ್ಕೆಯೆಲ್ಲ ಇಲ್ಲೇ ಹಾಕಿದ್ರೆ ಜೋಳಕ್ಕೆ ಏನು ಹಾಕ್ಲಿ?”

ಕುರಿಗಾರ ನಕ್ಕ. “ಹೋದ ವರ್ಷ ಇದೇ ಗೌಡ್ರು ನಮ್ಮನ್ನ ಬದುವಿನ ಮೇಲೂ ಬಿಟ್ಕೊಂಡಿರ್ಲಿಲ್ರೀ.”

“ಆಗ ಸರ್ಕಾರಿ ಗೊಬ್ಬರ ಸಿಗ್ತಿತ್ತಲ್ಲೋ ಮಾರಾಯ!”

ಅಂಗಡಿ ಗೊಬ್ಬರಕ್ಕೆ ನಮ್ಮ ಕಡೆ ಈಗಲೂ ಅದೇ ಹೆಸರು. ನಾನು ಸಣ್ಣವನಿದ್ದಾಗ ಅಪ್ಪ ಕುರಿಗಾರರಿಗೆ ಊಟ ಹಾಕಿ, ರಾತ್ರಿಯಿಡೀ ಹಿಂಡನ್ನು ಹೊಲದಲ್ಲಿ ತರುಬಿಸುತ್ತಿದ್ದರು. ಬೆಳಗ್ಗೆ ಬರಿಗಾಲಲ್ಲಿ ಹೋದರೆ, ಕುರಿ ಮಲಗಿದ್ದ ನೆಲ ಇನ್ನೂ ಬೆಚ್ಚಗಿರುತ್ತಿತ್ತು.

ಅಂಗಡಿ ಗೊಬ್ಬರ ಸರ್ಕಾರದ್ದಲ್ಲ, ಅದರ ರಂಜಕ ಹೊರದೇಶದಲ್ಲಿ ಅಗೆದ ಕಲ್ಲಿನಿಂದ ಬರುತ್ತದೆ, ಆ ಕಲ್ಲೂ ಕಡಿಮೆಯಾಗುತ್ತಿದೆ ಎಂದೆ.

“ಕಲ್ಲೂ ಖಾಲಿ ಆಗ್ತದೇನ್ರೀ?” ಗೌಡರು ಕುರಿಗಳ ಕಡೆ ತಿರುಗಿದರು. “ಹಂಗಾದ್ರೆ ಅನ್ನಾನೂ ತುಟ್ಟಿ ಆತು ಬಿಡ್ರಿ.”

ಎಂಜಿನ್ ಆರಿಸಿದೆ. ಹಿಂಡು ಮೆಲ್ಲಗೆ ಸರಿಯಿತು. ಕೊನೆಯ ಕುರಿಯೊಂದು ಮಾತ್ರ ನನ್ನ ಜೀಪಿನ ಮುಂದೆ ನಿಂತು ಬಾಲ ಎತ್ತಿತು. ಗೌಡರು ಕುರಿಯನ್ನು ಬಿಟ್ಟು ನನ್ನನ್ನೇ ನೋಡಿದರು.