ಅಳತೆ ಮೇಡಂ ಮತ್ತು ತೂಕ ತಪ್ಪಿದ ದೋಣಿಗಳು

ನಾನು ಮೊದಲು ಕಂಡದ್ದು ಅವರ ಪಾದಗಳನ್ನು. ಷೆಡ್ಡಿನಲ್ಲಿ ಸ್ಟ್ಯಾಂಡಿನ ಮೇಲೆ ಕೂರಿಸಿದ್ದ ಹಾಯಿದೋಣಿಯ ಅಡಿಯಿಂದ ಬೆಳ್ಳಿ ಕಾಲುಂಗುರದ ಎರಡು ಪಾದಗಳು ಹೊರಗೆ ಚಾಚಿದ್ದವು. ಉಳಿದ ಮೈಯೆಲ್ಲ ಒಳಗೆ. ಬಾಯಲ್ಲಿ ಟಾರ್ಚು, ಕೈಯಲ್ಲಿ ಟೇಪು.

ಜಕ್ಕೂರಿನ ಕಡೆಯ ಕೆರೆಯ ದಡದಲ್ಲಿದ್ದ ನಮ್ಮ ಪುಟ್ಟ ದೋಣಿ ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಅಳತೆ ಮೇಡಂ ಎನ್ನುತ್ತಿದ್ದರು. ಧಾರವಾಡದವರು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದ ಮುಖ್ಯಸ್ಥೆಯಾಗಿದ್ದು, ನಿವೃತ್ತಿಯಾದ ಮೇಲೆ ದೋಣಿ ನಡೆಸಲು ಕಲಿತವರು.

ನಮ್ಮ ಪಂದ್ಯದಲ್ಲಿ ಎಲ್ಲ ದೋಣಿಗಳೂ ಒಂದೇ ಮಾದರಿಯವು. ಹಾಯಿ, ಚುಕ್ಕಾಣಿ, ತೂಕ ಎಲ್ಲವೂ ನಿಯಮದೊಳಗಿವೆ ಎಂದು ಅಳತೆಗಾರರು ಪ್ರಮಾಣಪತ್ರ ಕೊಟ್ಟರಷ್ಟೇ ಓಟ. ನಾನೂ ತಮ್ಮನೂ ಹಳೆಯ ದೋಣಿಯೊಂದನ್ನು ಕೊಂಡು, ಹಿಂದಿನ ಮಾಲೀಕರ ಪತ್ರ ಹಿಡಿದು ಹೋದಾಗ ಮೇಡಂ ಅದನ್ನು ಪಕ್ಕಕ್ಕಿಟ್ಟರು.

"ದೋಣಿ ನಿಮ್ಮದಾತು, ಪತ್ರ ಇನ್ನೂ ಆಗಿಲ್ಲ ನೋಡವಾ."

ಮಾಲೀಕರು ಬದಲಾದರೆ ಹೊಸ ಪತ್ರ, ಚುಕ್ಕಾಣಿ ಬದಲಾದರೆ ಮತ್ತೆ ಅಳತೆ. ನಮ್ಮದರಲ್ಲಿ ಎರಡೂ ಆಗಿತ್ತು. ಇಡೀ ಬೆಳಿಗ್ಗೆ ಅಳೆದು, ಕಡಿಮೆ ಬಿದ್ದ ತೂಕಕ್ಕೆ ಸೀಸದ ತುಂಡನ್ನು ಸೀಟಿನ ಕೆಳಗೆ ಬಿಗಿಸಿ, ಅದನ್ನೂ ಪತ್ರದಲ್ಲಿ ಬರೆದರು. ನಡುವೆ ಡಬ್ಬಿಯಿಂದ ಶೇಂಗಾ ಹೋಳಿಗೆ ಕೊಟ್ಟರು.

ಆ ವರ್ಷ ನಾವು ಗೆಲ್ಲುತ್ತಲೇ ಹೋದೆವು. ಕೊನೆಯ ಓಟದ ಬೆಳಿಗ್ಗೆ, ಅಂಕಗಳಲ್ಲಿ ನಮ್ಮ ಬೆನ್ನಿಗೇ ಇದ್ದ ಯಲಹಂಕದ ಡಾಕ್ಟರು ದೂರು ಕೊಟ್ಟರು: ನಮ್ಮ ದೋಣಿ ನಿಯಮಕ್ಕಿಂತ ಹಗುರವಾಗಿದೆ. ಪತ್ರಕ್ಕೆ ಸಹಿ ಹಾಕಿದವರೇ ದೂರಿನ ಮೇಲೆ ತೂಗಬಾರದೆಂದು ಮೇಡಂ ದೂರ ನಿಂತು, ಚೆನ್ನೈನಿಂದ ಬಂದಿದ್ದ ಅಳತೆಗಾರರನ್ನು ಕರೆಸಿದರು. ಆಗಷ್ಟೇ ಪರೀಕ್ಷೆ ಮಾಡಿಸಿ ತಂದಿದ್ದ ಅವರ ತಕ್ಕಡಿಯಲ್ಲಿ ನಮ್ಮ ದೋಣಿ ನಿಜಕ್ಕೂ ಒಂದು ಕಿಲೋ ಕಡಿಮೆ ತೂಗಿತು. ಸೀಸ ಮಾತ್ರ ಬಿಗಿಸಿದಲ್ಲೇ ಇತ್ತು.

ಷೆಡ್ಡಿನ ತುಂಬ ಗುಸುಗುಸು. ನನ್ನ ತಮ್ಮ ತಲೆ ತಗ್ಗಿಸಿದ. ಡಾಕ್ಟರ ದೋಣಿಯನ್ನೂ ತೂಗಿ ಎಂದು ಮೇಡಂ ಕೇಳಿದರು. ಅದೂ ಒಂದು ಕಿಲೋ ಕಡಿಮೆ.

"ತಪ್ಪು ಇವರದಲ್ಲರೀ, ನನ್ನ ತಕ್ಕಡೀದು," ಎಂದರು ಮೇಡಂ. "ಈ ವರ್ಷ ನಾ ಕೊಟ್ಟ ಪತ್ರ ಎಲ್ಲಾ ವಾಪಸ್ ತಗೋತೀನಿ. ತೂಗೂಣು ಬರ್ರಿ."

ಆಮೇಲೆ ನಡೆದದ್ದು ಹಬ್ಬ. ಒಂದೊಂದೇ ದೋಣಿ ತಕ್ಕಡಿ ಏರಿತು. ಎಲ್ಲವೂ ಒಂದೊಂದು ಕಿಲೋ ಹಗುರ. ಹಾಗಾಗಿ ಹಿಂದಿನ ಓಟಗಳ ಫಲಿತಾಂಶವನ್ನು ಸಮಿತಿ ಉಳಿಸಿಕೊಂಡಿತು. ಸೀಸ ಸಾಲದೆ ನನ್ನ ತಮ್ಮ ಬೈಕಿನಲ್ಲಿ ಟೈರ್ ಅಂಗಡಿಗೆ ಹಾರಿ, ಚಕ್ರಗಳ ತೂಕ ಸರಿದೂಗಿಸಲು ಹಚ್ಚುವ ಸೀಸದ ತುಂಡುಗಳನ್ನು ತಂದ. ನಮ್ಮ ದೋಣಿಯ ಸ್ಕ್ರೂ ತಿರುಗಿಸಿದ್ದು ಡಾಕ್ಟರೇ. "ಅನುಮಾನ ಪಟ್ಬಿಟ್ಟೆ ಕಣಮ್ಮ, ಬೇಜಾರ್ ಮಾಡ್ಕೋಬೇಡ," ಎಂದರು.

ಮಧ್ಯಾಹ್ನ ಗಾಳಿ ಎದ್ದಿತು. ಕೊನೆಯ ತಿರುವಿನಿಂದ ಡಾಕ್ಟರೂ ನಾವೂ ಅಕ್ಕಪಕ್ಕ. ಹಗ್ಗ ಎಳೆದೆಳೆದು ನನ್ನ ಅಂಗೈ ಚರ್ಮ ಕಿತ್ತುಬಂದಿತ್ತು. ಯಾವತ್ತೂ ದನಿಯೇರಿಸದ ಮೇಡಂ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಕೆರೆ ಏರಿಯ ಮೇಲೆ ನಮ್ಮ ಜೊತೆಗೇ ಓಡಿ ಬರುತ್ತಿದ್ದರು. ದೋಣಿಯ ಮೂತಿಯಷ್ಟು ಅಂತರದಲ್ಲಿ ನಾವು ಗೆದ್ದೆವು.

ಹೋದ ವರ್ಷ ಅವರು ತೀರಿಕೊಂಡರು. ಈಗ ಅಳೆಯುವವಳು ನಾನು. ಷೆಡ್ಡಿನ ಮುಂದೆ ದೋಣಿಗಳು ಸಾಲಾಗಿ ನಿಂತಾಗ ನನ್ನ ಎದೆ ಓಟದ ದಿನಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತದೆ. ಸಹಿ ಹಾಕುವ ಮೊದಲು, ಅವರು ಕಲಿಸಿಕೊಟ್ಟಂತೆ, ಮಾಲೀಕರನ್ನೇ ಹತ್ತಿರ ಕರೆದು ತಕ್ಕಡಿಯ ಅಂಕಿಯನ್ನು ಗಟ್ಟಿಯಾಗಿ ಓದಿಸುತ್ತೇನೆ.