ಚೀಟಿ ಇಲ್ಲದ ಒಂದು ಇಂಜೆಕ್ಷನ್

ನಮ್ಮ ಬೀದಿಯಲ್ಲಿ ನನಗೆ ಸ್ವಂತ ಹೆಸರೇ ಇರಲಿಲ್ಲ. ಹಾಲು ಹಾಕುವವರಿಗೂ ನಾನು ಸಿಸ್ಟರ್, ನನಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಸಿಸ್ಟರ್. ಕೊನೆಗೆ ನನ್ನ ಗಂಡ ಕೂಡ ಫೋನಿನಲ್ಲಿ "ಸಿಸ್ಟರ್ ಇನ್ನೂ ಬಂದಿಲ್ಲ" ಎನ್ನುವ ಮಟ್ಟಕ್ಕೆ ಬಂದಿದ್ದರು. ಶಿಡ್ಲಘಟ್ಟದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹಗಲು ಡ್ಯೂಟಿ ಮುಗಿಸಿ ಮನೆಗೆ ಬಂದರೆ, ಜಗಲಿಯ ಮೇಲೆ ಆಗಲೇ ಇಬ್ಬರೋ ಮೂವರೋ ಕೂತಿರುತ್ತಿದ್ದರು. ಕೈಯಲ್ಲಿ ಮೆಡಿಕಲ್ ಶಾಪಿನ ಕವರು, ಅದರೊಳಗೆ ಡಾಕ್ಟರ ಚೀಟಿ, ಇಂಜೆಕ್ಷನ್, ಸಿರಿಂಜು. ಐದು ದಿನದ ಕೋರ್ಸಿಗೆ ಐದು ದಿನವೂ ಆಸ್ಪತ್ರೆಯಲ್ಲಿ ಕಾಯುವವರು ಯಾರು? ನಾನು ಕೈ ತೊಳೆದು ಬಂದು, ಚುಚ್ಚಿ ಕಳಿಸುತ್ತಿದ್ದೆ. ಬದಲಿಗೆ ನುಗ್ಗೆಕಾಯಿ ಬರುತ್ತಿತ್ತು, ರಂಜಾನಿನಲ್ಲಿ ಸಮೋಸ ಬರುತ್ತಿತ್ತು. ನಿಜ ಹೇಳಬೇಕೆಂದರೆ ನನಗಿದು ತುಂಬಾ ಇಷ್ಟವಾಗಿತ್ತು. ಆಸ್ಪತ್ರೆಯಲ್ಲಿ ದಿನವೆಲ್ಲ ಬೈಸಿಕೊಳ್ಳುವವಳು ಬೀದಿಗೆ ಕಾಲಿಟ್ಟರೆ ಮಹಾರಾಣಿ.

ನನ್ನದು ಒಂದೇ ಕಟ್ಟುನಿಟ್ಟು: ಚೀಟಿ ತೋರಿಸಬೇಕು.

ಖಾಯಂ ಗಿರಾಕಿ ಎದುರು ಮನೆಯ ಖಾಲಾ, ಬೀದಿಗೆಲ್ಲ ಚಿಕ್ಕಮ್ಮನಂತಿದ್ದವರು. ಅವರ ಮನೆಯಲ್ಲೇ ರೇಷ್ಮೆ ನೂಲು ತೆಗೆಯುವ ಕೆಲಸ. ಸುಡುಸುಡು ನೀರಿಗೆ ಬೆರಳು ಹಾಕಿ ಗೂಡಿನ ಎಳೆ ಹಿಡಿದು ಮುದುಕಿಯಾದ ಹೆಂಗಸು, ಸೂಜಿ ಕಂಡರೆ ಮಾತ್ರ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಸಂಜೆ ಇನ್ಸುಲಿನ್. ಆರು ವರ್ಷ ನಾನೇ ಹಾಕಿದ್ದೆ.

ಒಂದು ಸಂಜೆ ಬೀದಿಯ ಕೊನೆಯ ಗ್ಯಾರೇಜಿನವರು ಸೊಂಟ ಹಿಡಿದುಕೊಂಡು ಬಂದರು. ಕೈಯಲ್ಲಿ ನೋವಿನ ಇಂಜೆಕ್ಷನ್ ಇತ್ತು, ಚೀಟಿ ಇರಲಿಲ್ಲ. "ಚೀಟಿ ಮನೇಲೈತೆ ಸಿಸ್ಟರ್, ಆಮೇಲ್ ತಂದ್ ತೋರಿಸ್ತೀನಿ. ನಿಂತ್ಕೊಳಕ್ಕೂ ಆಗ್ತಿಲ್ಲ." ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಹಾಕಿಬಿಟ್ಟೆ.

ವಾರದೊಳಗೆ ಆ ಜಾಗ ಊದಿ ಕೀವಾಯಿತು. ಚಿಂತಾಮಣಿಯ ಆಸ್ಪತ್ರೆಯಲ್ಲಿ ಕೊಯ್ದು ತೆಗೆಸಬೇಕಾಯಿತು. ಹದಿನೈದು ದಿನ ಅವರು ಊಟವನ್ನೂ ನಿಂತೇ ಮಾಡಿದರೆಂದು ಬೀದಿಯವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಬೆಂಗಳೂರಿನ ನರ್ಸಿಂಗ್ ಕೌನ್ಸಿಲ್‌ನಿಂದ ನೋಟಿಸು ಬಂತು, ನಗು ನಿಂತಿತು. ಚೀಟಿ ಇಲ್ಲದೆ ಮನೆಯಲ್ಲಿ ಇಂಜೆಕ್ಷನ್ ಹಾಕಿದ್ದೀರೆಂದು ದೂರು ಬಂದಿದೆ, ನಿಮ್ಮ ಹೆಸರನ್ನು ರಿಜಿಸ್ಟರಿನಿಂದ ಏಕೆ ತೆಗೆಯಬಾರದು, ವಿವರಣೆ ಕೊಡಿ. ದೂರು ಕೊಟ್ಟವರು ಗ್ಯಾರೇಜಿನವರೇ. ಹೆಸರು ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ನಾನು ಯಾರು ಎಂದು ನನಗೇ ಗೊತ್ತಿರಲಿಲ್ಲ.

"ಹಾಕೇ ಇಲ್ಲ ಅಂತ ಬರಿ. ಯಾರು ನೋಡಿದಾರೆ?" ಎಂದರು ನನ್ನ ಗಂಡ. ಸರಕಾರಿ ಆಫೀಸಿನ ಗುಮಾಸ್ತರು, ಇಂಥದಕ್ಕೆಲ್ಲ ಅವರಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಅವರು ಹೇಳುತ್ತಾ ಹೋದರು, ನಾನು ಅಂದವಾದ ಅಕ್ಷರದಲ್ಲಿ ಬರೆಯುತ್ತಾ ಹೋದೆ. ಮನೆಯಲ್ಲಿ ಇಂಜೆಕ್ಷನ್ ಹಾಕುವ ಪದ್ಧತಿಯೇ ನನಗಿಲ್ಲ ಎಂದು ಸಹಿ ಮಾಡಿ ಕಳಿಸಿದೆ.

ಆದರೂ ವಿಚಾರಣೆಗೆ ಬೆಂಗಳೂರಿಗೆ ಕರೆದರು. ಆ ದಿನ ಗಂಡನಿಗೆ ರಜೆ ಸಿಗಲಿಲ್ಲ. ಖಾಲಾ ಬುರ್ಖಾ ತೊಟ್ಟು, ಬುತ್ತಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನನಗಿಂತ ಮೊದಲೇ ಬಂದಿದ್ದರು. ಬೇಡವೆಂದರೂ ಕೇಳುವ ಪೈಕಿಯಲ್ಲ. ಬಸ್ಸು ಹತ್ತಿದರೆ, ನಮ್ಮ ಮುಂದಿನ ಸೀಟಿನಲ್ಲೇ ಗ್ಯಾರೇಜಿನವರು! ಬೆಂಗಳೂರಿಗೆ ಹೋಗುವ ಬೆಳಗಿನ ಬಸ್ಸು ಅದೊಂದೇ ಅಲ್ಲ, ಆದರೂ ನನ್ನ ಹಣೆಬರಹ ನೋಡಿ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ, ದಾರಿಯುದ್ದದ ಹಿಪ್ಪುನೇರಳೆ ತೋಟಗಳನ್ನು ಜೀವಮಾನದಲ್ಲಿ ನೋಡಿಯೇ ಇಲ್ಲವೇನೋ ಎಂಬಂತೆ ನೋಡುತ್ತಾ ಕೂತೆ.

ವಿಜಯಪುರ ದಾಟಿದ ಮೇಲೆ ಖಾಲಾ ಬ್ಯಾಗಿನಿಂದ ಒಂದು ಕಾಗದ ತೆಗೆದರು. ಹೆಮ್ಮೆಯಿಂದ ಮುಖ ಅರಳಿತ್ತು. "ಓದು ಬೇಟಿ. ಮನೆ ಮನೆಗೂ ಹೋಗಿ ಸೈನ್ ಹಾಕ್ಸಿದೀನಿ."

ಓದಿದೆ. "ಈ ಸಿಸ್ಟರ್ ಹನ್ನೆರಡು ವರ್ಷದಿಂದ ನಮ್ಮ ಬೀದಿಯವರಿಗೆಲ್ಲ ತಮ್ಮ ಮನೆಯಲ್ಲೇ ಇಂಜೆಕ್ಷನ್ ಹಾಕುತ್ತಿದ್ದಾರೆ. ಇವರು ಇರುವುದರಿಂದ ನಮಗೆ ಡಾಕ್ಟರ ಹತ್ತಿರ ಹೋಗುವ ಅಗತ್ಯವೇ ಬೀಳುವುದಿಲ್ಲ." ಕೆಳಗೆ ಸಾಲುಸಾಲು ಸಹಿ, ಹೆಬ್ಬೆಟ್ಟು.

ನನ್ನನ್ನು ಮುಗಿಸಲು ಶತ್ರುಗಳು ಬೇಕಾಗಿರಲಿಲ್ಲ. ನಗು ಬಂತು. ಇದನ್ನು ಕೊಡಬೇಡಿ ಎಂದರೆ ಯಾಕೆ ಎಂದು ಕೇಳುತ್ತಾರೆ. ನಾನು ಏನು ಬರೆದುಕೊಟ್ಟಿದ್ದೇನೆ ಎಂದು ಹೇಳಬೇಕಾಗುತ್ತದೆ.

ಅಷ್ಟರಲ್ಲಿ ಖಾಲಾ ಬುತ್ತಿ ಬಿಚ್ಚಿ, ಮುಂದಿನ ಸೀಟಿಗೂ ಒಂದು ಪರೋಟ ಚಾಚಿದರು. ಅವರಿಗೆ ಜಗಳ ಬೇರೆ, ಹಸಿವು ಬೇರೆ. "ತಗೋಪ್ಪ. ತಿನ್ಕೊಂಡೇ ಹೇಳು, ಸಿಸ್ಟರ್ ಮೇಲೆ ಯಾಕ್ ಹಿಂಗ್ ಮಾಡ್ದೆ?"

ಗ್ಯಾರೇಜಿನವರು ಪರೋಟ ತೆಗೆದುಕೊಂಡರು. ಹಿಂದೆ ತಿರುಗಲಿಲ್ಲ. "ಕೀವಾಗಿದ್ದಕ್ಕಲ್ಲ ಖಾಲಾ. ಚೀಟಿ ಇಲ್ದೆ ಹೋಗಿದ್ದು ನಂದೂ ತಪ್ಪೇ. ಆಪರೇಷನ್ ಆದ್ಮೇಲೆ ಇವ್ರ ಮನೆ ಬಾಗ್ಲಿಗ್ ಹೋಗಿ, ಏನ್ ಸಿಸ್ಟರ್ ಹಿಂಗಾಯ್ತಲ್ಲ ಅಂದೆ. ನಾನು ಹಾಕೇ ಇಲ್ಲ, ಎಲ್ ಹಾಕ್ಸ್ಕೊಂಡ್ರೋ ಏನೋ ಅಂದ್ರು. ನೀವೊಬ್ರು ಇರ್ಲಿಲ್ಲ, ಬೀದಿ ಜನ ಎಲ್ಲಾ ನಿಂತ್ ನೋಡ್ತಿದ್ರು. ನನ್ನೇ ಸುಳ್ಗಾರ ಅಂದಂಗಾಯ್ತು."

ಹೌದು, ಅಂದಿದ್ದೆ. ಜನರೆದುರು ಹೆದರಿ ಬಾಯಿಗೆ ಬಂದ ಮಾತು ಅದು. ಇಷ್ಟು ದಿನ ಅದನ್ನು ನನ್ನ ನೆನಪಿನಿಂದ ಜಾಣತನದಿಂದ ಹೊರಗಿಟ್ಟಿದ್ದೆ.

ಖಾಲಾ ನನ್ನ ಕಡೆ ತಿರುಗಿದರು. "ಹಂಗಂದ್ಯಾ ನೀನು?"

ನಾನು ತಲೆ ತಗ್ಗಿಸಿದೆ. ಅವರು ನನ್ನ ಕೈಯಿಂದ ಕಾಗದ ತೆಗೆದು, ಮಡಚಿ ನನ್ನ ಮಡಿಲಲ್ಲಿಟ್ಟರು. "ನೀನೇ ಕೊಡು. ಬ್ಯಾಡಾಂದ್ರೆ ಹರಿದ್ಹಾಕು." ಬೆಂಗಳೂರು ಬರುವವರೆಗೆ ಮತ್ತೆ ಮಾತಾಡಲಿಲ್ಲ. ಆ ಹೆಂಗಸು ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನೋಟಿಸಿಗೆ ಕೂಡ ನಾನು ಅಷ್ಟು ಹೆದರಿರಲಿಲ್ಲ.

ಕೌನ್ಸಿಲ್ ಆಫೀಸಿನ ಒಳಗೆ ಮೇಜಿನಾಚೆ ಮೂವರು ಕೂತಿದ್ದರು. ನಡುವಿನಲ್ಲಿದ್ದ ಮೇಡಂ ಕೂಡ ಒಂದು ಕಾಲಕ್ಕೆ ವಾರ್ಡಿನಲ್ಲಿ ದುಡಿದವರೇ ಇರಬೇಕು, ಸೊಂಟಕ್ಕೆ ಕೈಕೊಟ್ಟು ಕೂರುವ ರೀತಿಯಲ್ಲೇ ತಿಳಿಯುತ್ತಿತ್ತು. ನನ್ನ ಉತ್ತರವನ್ನು ಓದಿ, "ಇದಕ್ಕೆ ಏನಾದ್ರೂ ಸೇರಿಸೋದು ಇದ್ಯಾ?" ಎಂದರು. ಪಕ್ಕದ ಕುರ್ಚಿಯಲ್ಲಿ ಗ್ಯಾರೇಜಿನವರು ನೆಲ ನೋಡುತ್ತಿದ್ದರು.

ನಾನು ಕಾಗದವನ್ನು ಮೇಜಿನ ಮೇಲಿಟ್ಟೆ. "ಮೇಡಂ, ನಾನು ಬರೆದುಕೊಟ್ಟಿದ್ದು ಸುಳ್ಳು. ಇದರಲ್ಲಿರೋದು ನಿಜ. ಇವರಿಗೆ ಚೀಟಿ ನೋಡದೆ ಹಾಕಿದ್ದೂ ನಿಜ." ಮೇಡಂ ಕಾಗದ ಓದಿದರು. ಡಾಕ್ಟರ ಅಗತ್ಯವೇ ಬೀಳುವುದಿಲ್ಲ ಎಂಬಲ್ಲಿಗೆ ಬಂದಾಗ ನಗು ತಡೆಯಲು ತುಟಿ ಕಚ್ಚಿಕೊಂಡದ್ದು ನನಗೆ ಕಂಡಿತು.

ತಿಂಗಳ ಮೇಲೆ ತೀರ್ಮಾನ ಬಂತು. ಎಚ್ಚರಿಕೆ ಕೊಟ್ಟು ಹೆಸರನ್ನು ಉಳಿಸಿದ್ದರು. ಆಸ್ಪತ್ರೆಯ ಹೊರಗೆ ಇನ್ನು ಯಾರಿಗೂ ಇಂಜೆಕ್ಷನ್ ಹಾಕುವುದಿಲ್ಲವೆಂದು ನಾನು ಬರೆದುಕೊಡಬೇಕಾಗಿತ್ತು. ಬರೆದುಕೊಟ್ಟೆ.

ಅಂದು ಸಂಜೆ ಖಾಲಾ ಇನ್ಸುಲಿನ್ ಹಿಡಿದು ಬಂದರು. "ನಂಗೊಬ್ಳಿಗೆ ಹಾಕ್ಬಿಡೇ. ಯಾರ್ ನೋಡ್ತಾರೆ?"

"ನೀವೇ ನೋಡ್ತೀರಲ್ಲ ಖಾಲಾ" ಎಂದೆ.

ನಾಲ್ಕು ದಿನ ಎರಡು ಹೊತ್ತೂ ಗೊಣಗುತ್ತಾ ನರ್ಸಿಂಗ್ ಹೋಮಿಗೇ ಬಂದು ಹಾಕಿಸಿಕೊಂಡರು. ಸಂಜೆ ಜಗಲಿಯ ಮೇಲೆ ನಾನು ಅವರಿಗೆ ಪಾಠ ಮಾಡಿದೆ. ಮೂಸಂಬಿಗೆ ನೀರು ಚುಚ್ಚಿಸಿದೆ, ಬಾಟಲಿಯಿಂದ ಎಳೆಯುವುದನ್ನು, ಸಿರಿಂಜಿನ ಗಾಳಿಗುಳ್ಳೆ ತೆಗೆಯುವುದನ್ನು ಕಲಿಸಿದೆ. ಐದನೆಯ ದಿನ ಅವರು ಹೊಟ್ಟೆಯ ಚರ್ಮ ಹಿಡಿದು ಸೂಜಿ ಹತ್ತಿರ ತಂದು ಕಣ್ಣು ಮುಚ್ಚಿದರು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಎಳೆದುಕೊಂಡು, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. "ಕಣ್ಣು ಬಿಡಿ ಖಾಲಾ."

ಬಿಟ್ಟರು. ಹಾಕಿಕೊಂಡರು. "ಇಷ್ಟೇನಾ? ಇದಕ್ಕಾ ಆರು ವರ್ಷ ನಿನ್ ಕಾಟ ತಡ್ಕೊಂಡೆ?"

ಮರುದಿನ ಸಂಜೆ ಎದುರು ಮನೆಯ ಕಿಟಕಿಯಿಂದ ಕೂಗು ಕೇಳಿತು: "ಆಯ್ತು ಕಣೇ, ಕಣ್ ಬಿಟ್ಕೊಂಡೇ ಹಾಕ್ಕೊಂಡೆ!"

"ಭೇಷ್" ಎಂದು ಕೂಗಿದೆ. ಅಭ್ಯಾಸಬಲದಿಂದ ನಾನು ಆಗಲೇ ಕೈ ತೊಳೆದುಕೊಂಡು ಬಂದಿದ್ದೆ. ಜಗಲಿಯ ಮೇಲೆ ಯಾರೂ ಇರಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದೆ.