ಪದ್ದತ್ತೆ ಏರು ಹತ್ತಿದ್ದು

ನಮ್ಮ ಮೇಲಿನ ಮನೆಯ ಮಗು ಮಧ್ಯಾಹ್ನದ ನಿದ್ದೆಯಿಂದ ಎದ್ದ ಕೂಡಲೇ ಆಟದ ಡಬ್ಬಿಯನ್ನು ನೆಲದ ಮೇಲೆ ಸುರಿಯುತ್ತದೆ. ಜೆ.ಪಿ. ನಗರದ ಈ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಛಾವಣಿಯನ್ನು ದಾಟಿ ಆ ಸದ್ದು ಕೆಳಗಿಳಿಯುತ್ತದೆ, ಒಣಗಿದ ಅವರೆಕಾಳನ್ನು ಮೊರದಿಂದ ಹರಿವಾಣಕ್ಕೆ ಸುರಿದ ಹಾಗೆ. ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಇಟ್ಟಿಗೆಗಳ ಸದ್ದು ಅದು. ಕೈಯಲ್ಲಿದ್ದ ಕೆಲಸ ಬಿಟ್ಟು ನಾನು ಸುಮ್ಮನೆ ಕೂರುತ್ತೇನೆ. ಬನಶಂಕರಿ ಎರಡನೇ ಹಂತದಲ್ಲಿದ್ದ ನಮ್ಮ ಹಳೆಯ ಮನೆ, ಅದರ ಕೆಂಪು ಗಾರೆಯ ನಡುಮನೆ, ಅಲ್ಲಿ ಗೋಡೆಗೆ ಒರಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಳಿತ ಪದ್ದತ್ತೆ, ಎಲ್ಲವೂ ಕಣ್ಣಿಗೆ ಬರುತ್ತವೆ. ನೀವೂ ಅಂಥ ಮನೆಯೊಂದರಲ್ಲಿ ಬೆಳೆದಿದ್ದರೆ, ಮನೆ ಹೋದ ಎಷ್ಟೋ ವರ್ಷಗಳ ಮೇಲೂ ಅದರ ನೆಲದ ತಂಪು ಅಂಗಾಲಿನಲ್ಲಿ ಉಳಿದಿರುವುದು ನಿಮಗೆ ಗೊತ್ತಿರುತ್ತದೆ.

ಪದ್ದತ್ತೆ ಅಪ್ಪನ ತಂಗಿ. ಪೂರ್ತಿ ಹೆಸರು ಪದ್ಮಾವತಿ. ಮಗುವಾಗಿದ್ದಾಗಲೇ ಪೋಲಿಯೋ ಬಂದು ಅವಳ ಎರಡೂ ಕಾಲುಗಳು ಸೋತಿದ್ದವು. ಆದರೆ ತೋಳುಗಳಲ್ಲಿ ಎಂಥ ಕಸುವಿತ್ತೆಂದರೆ, ದೋಸೆಗೆ ರುಬ್ಬುವ ಕೆಲಸವನ್ನು ಅಮ್ಮನಿಗೆ ಅವಳು ಬಿಟ್ಟುಕೊಟ್ಟಿದ್ದನ್ನು ನಾನು ನೋಡಿಲ್ಲ. ಅವಳಿಗೆ ಎದೆಯೆತ್ತರದಲ್ಲಿ ಕೈಪೆಡಲಿದ್ದ ಮೂರು ಚಕ್ರದ ಗಾಡಿಯೊಂದಿತ್ತು. ಸಮತಟ್ಟಾದ ರಸ್ತೆಯಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ಆದರೆ ನಮ್ಮ ಮನೆಯಿದ್ದದ್ದು ಇಳಿಜಾರಿನ ಕೆಳತುದಿಯಲ್ಲಿ. ಲೈಬ್ರರಿ, ಅಂಗಡಿ, ಬಸ್‌ಸ್ಟಾಪು, ಎಲ್ಲವೂ ಏರಿನ ಮೇಲೆ. ಕೆಳಗಿನ ಕಡೆ ಆಗ ಕತ್ರಿಗುಪ್ಪೆಯ ರಾಗಿ ಹೊಲಗಳು ಬಿಟ್ಟರೆ ಬೇರೇನೂ ಇರಲಿಲ್ಲ. ಏರಿನಲ್ಲಿ ಕೈಪೆಡಲು ಎಷ್ಟು ಒತ್ತಿದರೂ ಜಗ್ಗುತ್ತಿರಲಿಲ್ಲ. ಹಾಗಾಗಿ ಪ್ರತಿ ಭಾನುವಾರ ಅಪ್ಪ ಹಿಂದಿನಿಂದ ತಳ್ಳಿಕೊಂಡು ಹೋಗುತ್ತಿದ್ದರು. ಒಂದು ವಾರವೂ ಬೇಸರಿಸಿದವರಲ್ಲ. ಅವರಿಗೆ ಜ್ವರ ಬಂದ ವಾರ ಮಾತ್ರ ಅತ್ತೆ ಓದಿ ಮುಗಿಸಿದ ಪುಸ್ತಕವನ್ನೇ ಮತ್ತೆ ಓದುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯಿರಬೇಕು. ಅಪ್ಪನನ್ನು ಅವರ ಕಾರ್ಖಾನೆಯವರು ತರಬೇತಿಗೆಂದು ಜರ್ಮನಿಗೆ ಕಳಿಸಿದ್ದರು. ಬರುವಾಗ ಅಮ್ಮನಿಗೆ ಸ್ವೆಟರು, ನನಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತಂದರು. ಅದರೊಳಗೆ ಕೆಂಪು, ಬಿಳಿ, ನೀಲಿ ಇಟ್ಟಿಗೆಗಳು, ರಬ್ಬರ್ ಟೈರಿನ ಚಕ್ರಗಳು, ಅಚ್ಚಿನ ಕಡ್ಡಿಗಳು, ಮತ್ತು ಚಿಕ್ಕದು, ನಡುವಿನದು, ದೊಡ್ಡದು ಎಂದು ಮೂರು ಅಳತೆಯ ಹಲ್ಲುಚಕ್ರಗಳು. ನಾನು ನಾಲ್ಕು ದಿನ ಮನೆ ಕಟ್ಟಿದೆ, ಗೋಪುರ ಕಟ್ಟಿದೆ, ಆಮೇಲೆ ಬೀದಿಗೆ ಕುಂಟಾಬಿಲ್ಲೆ ಆಡಲು ಓಡಿದೆ. ತಿರುಗಿ ಬಂದಾಗ ಅತ್ತೆ ಎರಡು ಹಲ್ಲುಚಕ್ರಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದು, ಒಂದನ್ನು ತಿರುಗಿಸುತ್ತ, ಇನ್ನೊಂದು ಎದುರು ದಿಕ್ಕಿಗೆ ತಿರುಗುವುದನ್ನೇ ನೋಡುತ್ತಿದ್ದಳು. ನಾನು ಬಂದದ್ದೂ ಅವಳಿಗೆ ತಿಳಿಯಲಿಲ್ಲ.

ಅಂದಿನಿಂದ ಊಟದ ನಂತರದ ಮಧ್ಯಾಹ್ನಗಳೆಲ್ಲ ಆ ಪೆಟ್ಟಿಗೆಗೆ ಹೋದವು. ಅವಳು ಮೊದಲು ಕಟ್ಟಿದ್ದು ತನ್ನ ಗಾಡಿಯಂಥದ್ದೇ ಒಂದು ಪುಟ್ಟ ಗಾಡಿ. ಮೇಲೊಂದು ಹಿಡಿಕೆ, ಅದನ್ನು ತಿರುಗಿಸಿದರೆ ಹಲ್ಲುಚಕ್ರಗಳ ಮೂಲಕ ಹಿಂದಿನ ಚಕ್ರ ಉರುಳಬೇಕು. ಊಟದ ಮಣೆಯ ಒಂದು ತುದಿಗೆ ದಪ್ಪ ಪುಸ್ತಕ ಕೊಟ್ಟು ಏರು ಮಾಡಿದಳು. ಗಾಡಿಯ ಮೇಲೆ ತನ್ನ ಬದಲಿಗೆ ಏಲಕ್ಕಿ ಕುಟ್ಟುವ ಪುಟ್ಟ ಹಿತ್ತಾಳೆ ಕುಟ್ಟಾಣಿಯನ್ನು ಕೂರಿಸಿದಳು. ಹಿಡಿಕೆ ತಿರುಗಿಸಿದಾಗ ಗಾಡಿ ಅಲುಗಲಿಲ್ಲ, ಹಲ್ಲುಗಳು ಕಟಕಟನೆ ಜಾರಿದವು. ಮರುದಿನ ಹಿಡಿಕೆಗೆ ಚಿಕ್ಕ ಹಲ್ಲುಚಕ್ರ, ಉರುಳುವ ಅಚ್ಚಿಗೆ ದೊಡ್ಡದು ಹಾಕಿದಳು. ಗಾಡಿ ಬಸವನಹುಳುವಿನ ಹಾಗೆ ಮಣೆಯನ್ನು ಹತ್ತಿತು. ನಾನು ಚಪ್ಪಾಳೆ ಹೊಡೆದೆ. ಅತ್ತೆ ಮಾತ್ರ ಅದನ್ನು ಇಳಿಸಿ ಸಮ ನೆಲದ ಮೇಲೆ ಓಡಿಸಿದಳು. ಅಲ್ಲಿಯೂ ಅದು ಅಷ್ಟೇ ನಿಧಾನ.

"ಹಿಂಗೆ ಹೋದ್ರೆ ಲೈಬ್ರರಿ ಬಾಗಿಲು ಹಾಕಿರ್ತಾರೆ," ಎಂದಳು.

ಏರಿಗೆ ಒಂದು ಜೋಡಿ, ಸಮತಟ್ಟಿಗೆ ಇನ್ನೊಂದು ಜೋಡಿ ಬೇಕು, ಎರಡೂ ಒಂದೇ ಗಾಡಿಯಲ್ಲಿರಬೇಕು ಎಂಬುದು ಅವಳ ಹಟ. ಒಂದು ಜೋಡಿ ಕೂಡಿದಾಗ ಇನ್ನೊಂದು ಬಿಡಬೇಕು. ಎಷ್ಟು ಮಧ್ಯಾಹ್ನಗಳು ಹೋದವೋ ಕಾಣೆ. ಒಂದು ಅಚ್ಚನ್ನು ಪಕ್ಕಕ್ಕೆ ಸರಿಸಿದರೆ ಸಾಕು ಎಂಬುದು ಅವಳಿಗೆ ಬೇಗ ಹೊಳೆದಿತ್ತು. ಆದರೆ ಒಂದು ಜೋಡಿ ಸರಿಯಾಗಿ ಕಚ್ಚಿಕೊಂಡರೆ ಇನ್ನೊಂದು ಜೋಡಿ ದೂರ ನಿಲ್ಲುತ್ತಿತ್ತು, ಇಲ್ಲವೇ ಒತ್ತರಿಸುತ್ತಿತ್ತು. ಒಂದು ದಿನ ಅವಳು ಎಲ್ಲವನ್ನೂ ಬಿಚ್ಚಿ, ಚಿಕ್ಕ ಮತ್ತು ದೊಡ್ಡ ಹಲ್ಲುಚಕ್ರಗಳನ್ನು ನೆಲದ ಮೇಲೆ ಪಕ್ಕಪಕ್ಕ ಇಟ್ಟಳು. ಅವುಗಳ ಕೆಳಗೆ ನಡುವಿನವು ಎರಡನ್ನು ಇಟ್ಟಳು. ಬೆರಳಿನಿಂದ ಅಳೆದಳು. ಚಿಕ್ಕದೂ ದೊಡ್ಡದೂ ಸೇರಿ ಎಷ್ಟಾಗುತ್ತಿತ್ತೋ, ನಡುವಿನವು ಎರಡು ಸೇರಿಯೂ ಅಷ್ಟೇ ಆಗುತ್ತಿತ್ತು, ಕೂದಲೆಳೆಯ ವ್ಯತ್ಯಾಸವಿಲ್ಲದೆ. ಅಂದರೆ ಏರಿಗೆ ಚಿಕ್ಕದು-ದೊಡ್ಡದು, ಸಮತಟ್ಟಿಗೆ ನಡುವಿನವು ಎರಡು, ಎರಡೂ ಜೋಡಿ ಅವೇ ಎರಡು ಅಚ್ಚುಗಳ ಮೇಲೆ ಸರಿಯಾಗಿ ಕಚ್ಚಿಕೊಳ್ಳುತ್ತಿದ್ದವು. ಅತ್ತೆ ನನ್ನ ಕೈ ಹಿಡಿದುಕೊಂಡಳು. ದೇವರ ಮನೆಯಲ್ಲಿ ಮಂಗಳಾರತಿಯ ಹೊತ್ತಿಗೆ ಒಮ್ಮೊಮ್ಮೆ ಮೈ ಜುಮ್ಮೆನ್ನುತ್ತಿತ್ತಲ್ಲ, ಆ ಮಧ್ಯಾಹ್ನ ನಡುಮನೆಯ ನೆಲದ ಮೇಲೆ ನನಗೆ ಹಾಗಾಯಿತು.

ಸಂಜೆ ಅಪ್ಪ ಬಂದಾಗ ಪುಟ್ಟ ಗಾಡಿ ನೆಲದ ಮೇಲೆ ಸರಸರನೆ ಓಡಿ, ಮಣೆಯ ಬುಡದಲ್ಲಿ ನಿಂತು, ಅತ್ತೆ ಅಚ್ಚನ್ನು ಸರಿಸಿದ ಮೇಲೆ ಕುಟ್ಟಾಣಿಯನ್ನು ಹೊತ್ತು ಏರು ಹತ್ತಿತು. ಅಪ್ಪ ಬೂಟನ್ನೂ ಬಿಚ್ಚದೆ ಕುಕ್ಕರಗಾಲಿನಲ್ಲಿ ಕೂತರು. ತಾವೇ ಹಿಡಿಕೆ ತಿರುಗಿಸಿ ನೋಡಿದರು. ದಿನವೂ ಯಂತ್ರಗಳ ನಡುವೆಯೇ ಇರುವವರು, ಆದರೂ ಅಚ್ಚನ್ನು ಮತ್ತೆ ಮತ್ತೆ ಅತ್ತಿತ್ತ ಸರಿಸಿದರು.

"ನನ್ನ ಗಾಡಿಗೂ ಹಿಂಗೆ ಮಾಡಿಸಿಕೊಡು ಅಣ್ಣ," ಎಂದಳು ಅತ್ತೆ.

"ಯಾಕೆ ಪದ್ದು, ನಾನು ತಳ್ಳಲ್ವಾ?"

"ತಳ್ತೀಯ. ಅದಕ್ಕೇ ಕೇಳ್ತಿದೀನಿ."

ಅಪ್ಪ ಎದ್ದು ಬಚ್ಚಲಿಗೆ ಹೋದರು. ತುಂಬ ಹೊತ್ತು ನೀರಿನ ಸದ್ದು ಕೇಳುತ್ತಿತ್ತು. ಆ ಭಾನುವಾರ ಎಂದಿನಂತೆ ತಳ್ಳಿಕೊಂಡು ಹೋದರು. ಅತ್ತೆ ಕೇಳಬಾರದ್ದನ್ನು ಕೇಳಿಬಿಟ್ಟಳೇನೋ ಎಂದು ನನಗೆ ಭಯವಾಗಿತ್ತು. ಸೋಮವಾರ ಬೆಳಿಗ್ಗೆ ನೋಡಿದರೆ ಪುಟ್ಟ ಗಾಡಿ ಮಣೆಯ ಮೇಲಿರಲಿಲ್ಲ. ಅಪ್ಪ ಅದನ್ನು ಒಂದು ಟವೆಲಿನಲ್ಲಿ ಸುತ್ತಿ ಊಟದ ಚೀಲದಲ್ಲಿಟ್ಟುಕೊಂಡು ಹೋಗಿದ್ದರು. ಗೆಳೆಯರೊಬ್ಬರ ವರ್ಕ್‌ಶಾಪಿನಲ್ಲಿ, ಕೆಲಸ ಮುಗಿದ ಮೇಲೆ ನಿಂತು, ಅದೇ ಲೆಕ್ಕದಲ್ಲಿ ಉಕ್ಕಿನ ಹಲ್ಲುಚಕ್ರಗಳನ್ನು ಮಾಡಿಸಿ ತಂದು, ಅಚ್ಚನ್ನು ಸರಿಸಲು ಒಂದು ಸರಳಿನೊಂದಿಗೆ ಅತ್ತೆಯ ಗಾಡಿಗೆ ಕೂರಿಸಿದರು.

ಮೊದಲ ಪ್ರಯತ್ನ ಕೆಟ್ಟಿತು. ಅರ್ಧ ಏರಿನಲ್ಲಿ ಸರಿಸುವ ಸರಳು ತಾನಾಗಿಯೇ ಜಾರಿ, ಹಲ್ಲುಗಳು ಬಿಟ್ಟುಕೊಂಡು ಗಾಡಿ ಹಿಂದಕ್ಕೆ ಉರುಳಿತು. ಅಪ್ಪ ಹಿಂದೆ ಇರದಿದ್ದರೆ ಏನಾಗುತ್ತಿತ್ತೋ. ಗೇಟಿನ ಹತ್ತಿರ ನಿಂತಿದ್ದ ಅಮ್ಮ, ಇನ್ನು ಇದು ಸಾಕು ಎಂದು ಅಳತೊಡಗಿದರು. ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಆದರೆ ಒಳಗೆ ಬಂದವಳು ನೀರನ್ನೂ ಕುಡಿಯದೆ ಪೆಟ್ಟಿಗೆ ಕೇಳಿದಳು. ಸರಿಸಿದ ಅಚ್ಚು ಹಿಂದಕ್ಕೆ ಬಾರದಂತೆ ಒಂದು ತಡೆ ಬೇಕಿತ್ತು. ಅಣ್ಣ ತಂಗಿ ಇಬ್ಬರೂ ನೆಲದ ಮೇಲೆ ಎದುರುಬದುರು ಕೂತು, ಒಂದು ಇಟ್ಟಿಗೆಯನ್ನು ಎಲ್ಲಿ ಸಿಕ್ಕಿಸಿದರೆ ಅದು ಅಗುಳಿಯ ಹಾಗೆ ಕೆಲಸ ಮಾಡುತ್ತದೆಂದು ಹುಡುಕಿದರು. ಅವರಿಬ್ಬರೂ ಹಾಗೆ ಮಕ್ಕಳಂತೆ ಜಗಳವಾಡುತ್ತ ಆಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಮುಂದಿನ ಭಾನುವಾರ ಅವಳು ಹತ್ತಿದಳು. ಕೈಪೆಡಲು ಬೇಗಬೇಗ ತಿರುಗುತ್ತಿತ್ತು, ಗಾಡಿ ಮಾತ್ರ ನಿಧಾನವಾಗಿ, ಎಲ್ಲಿಯೂ ನಿಲ್ಲದೆ ಏರುತ್ತಿತ್ತು. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಅಪ್ಪ ಹಿಂದೆ ಎರಡೂ ಕೈ ಚಾಚಿಕೊಂಡೇ ಬರುತ್ತಿದ್ದರು, ಗಾಡಿಯನ್ನು ಮುಟ್ಟದೆ. ಅರ್ಧ ದಾರಿ ಕಳೆದ ಮೇಲೆ ಕೈ ಇಳಿಸಿದರು. ಇಳಿಸಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡರು. ಮೇಲೆ ತಲುಪಿದ ಅತ್ತೆ ನಿಲ್ಲಲೇ ಇಲ್ಲ. ಸರಳು ಸರಿಸಿ, ಮುಖ್ಯರಸ್ತೆಯ ಕಡೆ ತಿರುಗಿ, ಮರಗಳ ನೆರಳಿನಲ್ಲಿ ಹೊರಟೇಹೋದಳು. ಅಪ್ಪ ಮೋರಿಯ ಕಟ್ಟೆಯ ಮೇಲೆ ಕೂತು, ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಅವಳು ದಿನವೂ ಸಂಜೆ ಹೋಗುತ್ತಿದ್ದಳು. ಸೆರಗಿನಲ್ಲಿ ಧೂಳು ತುಂಬಿಕೊಂಡು, ಹಸಿದು ಬರುತ್ತಿದ್ದಳು. ವರ್ಷಗಳು ಹೀಗೇ ಕಳೆದವು. ಅಪ್ಪ ಹೋದರು, ಅಮ್ಮ ಹೋದರು. ಮನೆ ಮಾರಿದೆವು. ಈಗ ಅಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ, ಕೆಳಗೆ ಔಷಧಿ ಅಂಗಡಿ. ತುಕ್ಕು ಹಿಡಿದ ಗಾಡಿ ಗುಜರಿಗೆ ಹೋಯಿತು. ಕೊನೆಯ ವರ್ಷಗಳನ್ನು ಅತ್ತೆ ನನ್ನ ಜೊತೆಯೇ ಕಳೆದಳು. ಆ ತೋಳುಗಳು ಲೋಟ ಎತ್ತಲೂ ನಡುಗುತ್ತಿದ್ದವು.

ಅವಳು ತೀರಿಕೊಳ್ಳುವುದಕ್ಕೆ ಕೆಲವು ತಿಂಗಳ ಹಿಂದೆ, ಅಷ್ಟು ವರ್ಷ ದಿನಾ ಸಂಜೆ ನೀನು ಎಲ್ಲಿಗೆ ಹೋಗುತ್ತಿದ್ದೆ ಎಂದು ಕೇಳಿದೆ. ಅವಳು ನಕ್ಕಳು.

"ಎಲ್ಲಿಗೂ ಇಲ್ಲ ಕಣೆ. ಯಾವ್ದೋ ಒಂದು ರಸ್ತೆ ಹಿಡಿಯೋದು, ಸಾಕು ಅನ್ಸೋವರೆಗೂ ಹೋಗೋದು, ವಾಪಸ್ ಬರೋದು. ಅಣ್ಣ ತಳ್ಳೋವಾಗ ಎಲ್ಲಿಗೆ ಅಂತ ಮೊದಲೇ ಹೇಳ್ಬೇಕಿತ್ತಲ್ಲ."

ಹಾಗೆಂದು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಬೀದಿದೀಪ ಹತ್ತುವವರೆಗೂ ನಾನು ಅವಳ ಪಕ್ಕದಲ್ಲೇ ಕುಳಿತಿದ್ದೆ.